ಅಳದ ಮಗು ಮನೆಗೆ ಬಂದಾಗ: ದತ್ತು ಪ್ರಕ್ರಿಯೆ, ಅದರ ಆಚೆಗಿನ ತಿಂಗಳುಗಳು

ಹೋದ ವಾರ ಸಮಾಜ ಕಾರ್ಯಕರ್ತೆ ಕೊನೆಯ ಸಲ ನಮ್ಮ ಮನೆಗೆ ಬಂದು ಹೋದರು. ದತ್ತು ತೆಗೆದುಕೊಂಡ ಮೇಲೆ ಎರಡು ವರ್ಷದ ತನಕ ಆರು ತಿಂಗಳಿಗೊಮ್ಮೆ ಹೀಗೆ ಬಂದು, ಮಗು ಹೇಗಿದೆ ಅಂತ ನೋಡಿ ವರದಿ ಹಾಕುತ್ತಾರೆ. ಆ ಲೆಕ್ಕವೂ ಮುಗಿಯಿತು. ಹಾಗಾಗಿ ಈಗ ಕೂತು ಬರೆಯುತ್ತಿದ್ದೇನೆ. ಕಾಗದಪತ್ರದ ಬಗ್ಗೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಮಗು ಮನೆಗೆ ಬಂದ ಮೇಲೆ ಏನಾಗುತ್ತದೆ, ಅದು ನಮ್ಮನ್ನು ಯಾವಾಗ, ಹೇಗೆ ಹಚ್ಚಿಕೊಳ್ಳುತ್ತದೆ ಅನ್ನುವುದನ್ನು ನಮಗೆ ಯಾರೂ ಹೇಳಿರಲಿಲ್ಲ. ಎರಡನ್ನೂ ಹೇಳುತ್ತೇನೆ, ಆದರೆ ಎರಡನೆಯದೇ ಜಾಸ್ತಿ.

ನಾವು ಮೈಸೂರಿನವರು. 2020ರ ಶುರುವಿನಲ್ಲಿ ಕಾರಾ ಪೋರ್ಟಲ್‌ನಲ್ಲಿ ನೋಂದಾಯಿಸಿದೆವು. ಕಾರಾ ಅಂದರೆ ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರ. ಈಗ ದೇಶದಲ್ಲಿ ಅನಾಥ ಮಗುವನ್ನು ಕಾನೂನಿನ ಪ್ರಕಾರ ದತ್ತು ತೆಗೆದುಕೊಳ್ಳಬೇಕಾದರೆ ದಾರಿ ಇದೊಂದೇ. ಆಸ್ಪತ್ರೆಯಲ್ಲಿ ಯಾರೋ ಮಗು ಬಿಟ್ಟು ಹೋಗುತ್ತಾರಂತೆ, ಮಾತಾಡಿಸಿ ಕೊಡಿಸುತ್ತೇನೆ ಅನ್ನುವವರು ಈಗಲೂ ಇದ್ದಾರೆ. ಅವರ ಸಹವಾಸ ಬೇಡ, ಅದು ಅಪರಾಧ.

ಕಾಗದಗಳು ಹೆಚ್ಚೇನಿಲ್ಲ. ಕುಟುಂಬದ ಫೋಟೊ, ಪ್ಯಾನ್, ಜನನ ಪ್ರಮಾಣಪತ್ರ, ವಿಳಾಸಕ್ಕೆ ಆಧಾರ್, ಆದಾಯದ ದಾಖಲೆ, ಮದುವೆ ನೋಂದಣಿ ಪತ್ರ, ದೊಡ್ಡ ಕಾಯಿಲೆ ಏನಿಲ್ಲ ಅಂತ ವೈದ್ಯರ ಪತ್ರ, ಪರಿಚಯದವರಿಂದ ಎರಡು ಪತ್ರ. ನಮಗೆ ತೊಂದರೆ ಕೊಟ್ಟದ್ದು ಹೆಸರು. ನನ್ನ ಆಧಾರ್‌ನಲ್ಲಿ ಅಪ್ಪನ ಹೆಸರಿನ ಇನಿಷಿಯಲ್, ಪ್ಯಾನ್‌ನಲ್ಲಿ ಅದೇ ಹೆಸರು ಪೂರ್ತಿ, ಮದುವೆ ಪತ್ರದಲ್ಲಿ ಗಂಡನ ಹೆಸರು. ಮೂರನ್ನೂ ಒಂದು ಮಾಡುವಷ್ಟರಲ್ಲಿ ಲಾಕ್‌ಡೌನ್ ಬಂತು, ಹೋಂ ಸ್ಟಡಿ, ಅಂದರೆ ಸಮಾಜ ಕಾರ್ಯಕರ್ತೆ ಮನೆಗೆ ಬಂದು ನಮ್ಮನ್ನು ನೋಡಿ ವರದಿ ಬರೆಯುವುದು, ನಿಂತಿತು. ನೋಂದಣಿಗೆ ಮುಂಚೆಯೇ ಇದನ್ನೊಂದು ಸರಿಮಾಡಿಕೊಳ್ಳಿ. ದಂಪತಿಯಾದರೆ ಮದುವೆಯಾಗಿ ಎರಡು ವರ್ಷ ಆಗಿರಬೇಕು. 2022ರ ನಿಯಮದ ಪ್ರಕಾರ ಎರಡು ವರ್ಷದೊಳಗಿನ ಮಗು ಬೇಕಾದರೆ ಗಂಡ ಹೆಂಡತಿಯ ವಯಸ್ಸು ಕೂಡಿಸಿದಾಗ 85 ದಾಟಬಾರದು, ಒಂಟಿ ಪೋಷಕರಾದರೆ 40.

ಹೋಂ ಸ್ಟಡಿಗೆ 6,000 ರೂಪಾಯಿ ಕಟ್ಟಿದೆವು. ಸಮಾಜ ಕಾರ್ಯಕರ್ತೆ ಮನೆ ನೋಡಿದ್ದು ಕಡಿಮೆ, ನಮ್ಮನ್ನು ಮಾತಾಡಿಸಿದ್ದು ಹೆಚ್ಚು. ಮಕ್ಕಳಾಗಲಿಲ್ಲ ಅನ್ನುವ ನೋವು ಆರಿದೆಯಾ? ಮಗುವಿಗೆ ದತ್ತು ವಿಷಯ ಹೇಳುತ್ತೀರಾ? ಮನೆಯ ಹಿರಿಯರು ಏನಂತಾರೆ? ಸುಳ್ಳು ಹೇಳಿ ಮೆಚ್ಚಿಸಬೇಕಾದ ಇಂಟರ್‌ವ್ಯೂ ಅಲ್ಲ ಅದು, ಇದ್ದದ್ದನ್ನು ಹೇಳಿ.

ಆಮೇಲೆ ಕಾಯುವುದು. ಮೂರು ವರ್ಷ ದಾಟಿತು. ಪೋರ್ಟಲ್‌ನಲ್ಲಿ ನಮ್ಮ ಸರದಿ ಸಂಖ್ಯೆ ಕೆಲವು ತಿಂಗಳು ಅಲುಗಾಡುತ್ತಲೇ ಇರಲಿಲ್ಲ. ಹೋಂ ಸ್ಟಡಿ ವರದಿಗೆ ಮೂರೇ ವರ್ಷದ ಬೆಲೆ, ಆಮೇಲೆ ನವೀಕರಿಸಬೇಕು. ನಮ್ಮದು ಮುಗಿಯುವುದಕ್ಕೂ ರೆಫರಲ್, ಅಂದರೆ ಇಂಥ ಮಗು ಇದೆ ಅಂತ ತಿಳಿಸುವ ಮೆಸೇಜ್, ಬರುವುದಕ್ಕೂ ಹತ್ತಿರ ಹತ್ತಿರ ಆಯ್ತು, ಓಡಾಡಿ ಹೊಸದು ಮಾಡಿಸಬೇಕಾಯಿತು. ತಾರೀಖು ಬರೆದಿಟ್ಟುಕೊಳ್ಳಿ, ಯಾರೂ ನೆನಪಿಸುವುದಿಲ್ಲ.

2023ರ ಕೊನೆಗೆ ಒಂದು ಮಧ್ಯಾಹ್ನ, ಆಫೀಸಿನಲ್ಲಿದ್ದಾಗ ಮೆಸೇಜ್ ಬಂತು. ಮಹಾರಾಷ್ಟ್ರದ ಒಂದು ದತ್ತು ಸಂಸ್ಥೆಯಲ್ಲಿರುವ ಗಂಡು ಮಗು, ಒಂದೂಕಾಲು ವರ್ಷ. ಒಂದು ಫೋಟೊ, ಮಗುವಿನ ಬಗ್ಗೆ ವರದಿ, ವೈದ್ಯಕೀಯ ವರದಿ. ಮಗುವನ್ನು ನಮ್ಮ ಹೆಸರಿಗೆ ಕಾಯ್ದಿರಿಸಲು 48 ಗಂಟೆ. ವರದಿಯನ್ನು ನಮ್ಮ ಪರಿಚಯದ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ತೂಕ ಕಡಿಮೆ, ನಡೆಯುವುದು ತಡ, ಅದು ಬಿಟ್ಟರೆ ಭಯಪಡುವಂಥದ್ದೇನೂ ಇಲ್ಲ ಅಂದರು. ತಲೆಯ ಸುತ್ತಳತೆ ತಿಂಗಳು ತಿಂಗಳು ಹೇಗೆ ಬೆಳೆದಿದೆ ಅಂತ ಕೇಳಿ ತಿಳಿದುಕೊಳ್ಳಿ ಅಂತಲೂ ಹೇಳಿದರು. ನಿಮ್ಮ ಸರದಿ ಹತ್ತಿರ ಬಂದಾಗಲೇ ಒಬ್ಬ ಡಾಕ್ಟರಿಗೆ ಹೇಳಿಟ್ಟಿರಿ, ಆ ಎರಡು ದಿನದಲ್ಲಿ ಹುಡುಕುತ್ತಾ ಕೂರಲು ಆಗುವುದಿಲ್ಲ.

ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಸೊಲ್ಲಾಪುರಕ್ಕೆ ಹೋಗಿ, ಅಲ್ಲಿಂದ ಟ್ಯಾಕ್ಸಿ. ಸಂಸ್ಥೆಯ ಅಂಗಳದಲ್ಲಿ ಹತ್ತಾರು ಮಕ್ಕಳು. ನಾವು ಒಳಗೆ ಕಾಲಿಡುತ್ತಿದ್ದ ಹಾಗೆ ಮೂರು ನಾಲ್ಕು ಮಕ್ಕಳು ಓಡಿ ಬಂದು ಕೈ ಚಾಚಿದವು. ನಮ್ಮ ಹುಡುಗನೂ ಅಷ್ಟೇ. ಆಯಾ ಅವನನ್ನು ನನ್ನ ಕೈಗೆ ಕೊಟ್ಟಾಗ ಒಂದು ಹನಿ ಕಣ್ಣೀರಿಲ್ಲ, ನಕ್ಕ. ನನಗೋ ಸ್ವರ್ಗ ಸಿಕ್ಕಿದಂತಾಯಿತು. ಋಣಾನುಬಂಧ ನೋಡಿ, ನೋಡಿದ ಕೂಡಲೇ ಬಂದ ಅಂತ ಫೋನಿನಲ್ಲಿ ಅಮ್ಮನೂ ಅತ್ತರು.

ಅಲ್ಲಿ ಆಯಾಗಳನ್ನು ಮಕ್ಕಳು ಮಾವಶಿ ಅನ್ನುತ್ತವೆ. ರಾತ್ರಿ ಪಾಳಿಯ ಮಾವಶಿಯೊಬ್ಬರು ಇವನನ್ನು ಹೆಚ್ಚು ನೋಡಿಕೊಳ್ಳುತ್ತಿದ್ದರಂತೆ. ಅವರ ಜೊತೆ ಇವರು, ಅಂದರೆ ನನ್ನ ಗಂಡ, ಅರ್ಧಂಬರ್ಧ ಹಿಂದಿಯಲ್ಲಿ ಒಂದು ಗಂಟೆ ಕೂತು ಮಾತಾಡಿದರು. ಮಲಗಿಸುವಾಗ ಏನು ಮಾಡುತ್ತೀರಿ, ಯಾವ ಸೋಪು, ಅನ್ನ ಹೇಗೆ ಕಲಸುತ್ತೀರಿ, ಏನು ಹಾಡುತ್ತೀರಿ. ಆ ಹಾಡನ್ನು ಅವರ ದನಿಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರು. ಅವನು ಹೊದೆಯುತ್ತಿದ್ದ ಹಳೇ ಬಟ್ಟೆ ಕೇಳಿ ತಂದೆವು, ಒಗೆಯದೇ. ಆಗ ನನಗೆ ಇದೆಲ್ಲ ಸ್ವಲ್ಪ ಅತಿ ಅನ್ನಿಸಿತ್ತು. ಈಗ ಯಾರಾದರೂ ದತ್ತು ತರಲು ಹೊರಟರೆ ನಾನು ಮೊದಲು ಹೇಳುವುದೇ ಇದನ್ನು.

ಒಪ್ಪಿಗೆಗೆ ಸಹಿ ಹಾಕಿದ ಮೇಲೆ, ಆದೇಶ ಬರುವ ತನಕ ದತ್ತು ಪೂರ್ವ ಪೋಷಣೆ ಅಂತ ಮಗುವನ್ನು ಮನೆಗೆ ಕಳಿಸುತ್ತಾರೆ. ಸಂಸ್ಥೆಗೆ ಕಟ್ಟುವ ಮೊತ್ತ ನಿಯಮದಲ್ಲೇ ಇರುತ್ತದೆ, ಆಗಾಗ ಬದಲಾಗುವುದರಿಂದ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ರಸೀತಿ ಕೊಡುತ್ತಾರೆ. ಅದರ ಮೇಲೆ ದೇಣಿಗೆ ಅಂತ ಯಾರೂ ಕೇಳುವ ಹಾಗಿಲ್ಲ. ನಮಗೆ ನಿಜವಾಗಿ ಖರ್ಚಾದದ್ದು ಪ್ರಯಾಣಕ್ಕೆ, ಲಾಡ್ಜಿಗೆ, ಮತ್ತು ನನ್ನ ಸಂಬಳವಿಲ್ಲದ ರಜೆಗೆ. ಆಗ ಇದ್ದ ಕಾನೂನಿನಲ್ಲಿ ಮೂರು ತಿಂಗಳೊಳಗಿನ ಮಗುವನ್ನು ದತ್ತು ತೆಗೆದುಕೊಂಡ ತಾಯಿಗೆ ಮಾತ್ರ 12 ವಾರದ ರಜೆ. ಹೆತ್ತವರೇ ಸಾಕಲಾಗದೆ ಒಪ್ಪಿಸಿದ ಮಗುವಾದರೆ ಅವರಿಗೆ ಮನಸ್ಸು ಬದಲಿಸಲು 60 ದಿನ ಕೊಡಬೇಕು, ಆಮೇಲೆ ಮಕ್ಕಳ ಕಲ್ಯಾಣ ಸಮಿತಿ ಮಗು ದತ್ತಿಗೆ ಮುಕ್ತ ಅಂತ ಘೋಷಿಸಬೇಕು, ಆಮೇಲೆ ರೆಫರಲ್. ಇಷ್ಟೆಲ್ಲ ಆಗಿ ಮೂರು ತಿಂಗಳೊಳಗೆ ಮಗು ಕೈಗೆ ಬರುವುದು ಎಷ್ಟು ಜನಕ್ಕೆ ಸಾಧ್ಯ? ನಿಮ್ಮ ಎಚ್‌ಆರ್ ಹತ್ತಿರ ಮೊದಲೇ ಕೇಳಿ, ಕೆಲವು ಕಂಪನಿಗಳು ತಮ್ಮದೇ ನಿಯಮದಲ್ಲಿ ರಜೆ ಕೊಡುತ್ತವೆ. ನಮ್ಮದು ಕೊಡಲಿಲ್ಲ.

ಇಲ್ಲಿಂದ ಅಸಲಿ ಕಥೆ.

ಮೊದಲ ದಿನಗಳಲ್ಲಿ ಎಲ್ಲರೂ ಹೇಳಿದ ಮಾತು ಒಂದೇ: ಎಂಥಾ ಸಾಧು ಮಗು! ಅಳುವುದಿಲ್ಲ. ಯಾರು ಕರೆದರೂ ಹೋಗುತ್ತಾನೆ. ಕೊರಿಯರ್ ತಂದ ಹುಡುಗನ ಕಡೆಗೂ ಕೈ ಚಾಚಿದ. ಬಿದ್ದು ತುಟಿ ಒಡೆದುಕೊಂಡ ದಿನ ಎದ್ದು ಕೂತು ಸುಮ್ಮನೆ ನೆಲ ನೋಡುತ್ತಿದ್ದ, ನನ್ನ ಕಡೆ ತಿರುಗಲೂ ಇಲ್ಲ. ಎತ್ತಿಕೊಂಡರೆ ಮೈ ಮರದ ತುಂಡಿನ ಹಾಗೆ ಸೆಟೆದುಕೊಳ್ಳುತ್ತಿತ್ತು. ನಮ್ಮ ಅಕ್ಕನ ಮಗು ಹೆಗಲ ಮೇಲೆ ಒರಗುವ ಹಾಗೆ ಇವನು ಒರಗುತ್ತಿರಲಿಲ್ಲ. ಊಟ ಮಾತ್ರ ಎಷ್ಟು ಹಾಕಿದರೂ ತಿನ್ನುತ್ತಿದ್ದ, ಸಾಕು ಅನ್ನುವುದೇ ಗೊತ್ತಿಲ್ಲ. ರಾತ್ರಿ ಎಚ್ಚರವಾದರೆ ಕೂಗುತ್ತಿರಲಿಲ್ಲ, ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದ. ಅದನ್ನು ನೋಡಿದಾಗ ನನಗೆ ಹೆದರಿಕೆ ಶುರುವಾಯಿತು.

ಹೆಸರು ಕರೆದರೆ ತಿರುಗುತ್ತಿರಲಿಲ್ಲವಾದ್ದರಿಂದ ಮೊದಲು ಕಿವಿ ಪರೀಕ್ಷೆಗೆ ಹೋದೆವು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಊರಲ್ಲೇ ಇರುವುದು ಮೈಸೂರಿನವರ ಪುಣ್ಯ. ಕಿವಿ ಚೆನ್ನಾಗಿತ್ತು. ನಾವು ಕರೆಯುತ್ತಿದ್ದದ್ದು ನಾವಿಟ್ಟ ಹೊಸ ಹೆಸರು, ಅವನಿಗೆ ಗೊತ್ತಿದ್ದದ್ದು ಹಳೇ ಹೆಸರು! ಅವತ್ತಿನಿಂದ ಹಳೇ ಹೆಸರನ್ನೇ ಮನೆಯಲ್ಲಿ ಮುದ್ದಿಗೆ ಇಟ್ಟುಕೊಂಡೆವು. ಕಾಗದದಲ್ಲಿ ಬೇರೆ ಇದೆ, ಇರಲಿ ಬಿಡಿ.

ಮಕ್ಕಳ ಡಾಕ್ಟರ್ ಒಬ್ಬರು ಆಪ್ತ ಸಮಾಲೋಚಕಿಯ ಹತ್ತಿರ ಕಳಿಸಿದರು. ಅವರು ಮಗುವನ್ನು ಅರ್ಧ ಗಂಟೆ ಸುಮ್ನೆ ನೋಡುತ್ತಾ ಕೂತು, ಆಮೇಲೆ ಕೇಳಿದ ಮೊದಲ ಪ್ರಶ್ನೆ: ನೀವು ಬಚ್ಚಲಿಗೆ ಹೋದರೆ ಅಳುತ್ತಾನಾ? ಇಲ್ಲ ಅಂದೆ, ಸ್ವಲ್ಪ ಹೆಮ್ಮೆಯಿಂದಲೇ. ಅಳುವ ಹಾಗೆ ಆಗಬೇಕು ಅಂದರು.

ಅವರು ವಿವರಿಸಿದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ಮಗು ಸುಮಾರು ಆರೇಳು ತಿಂಗಳಿಗೆ ಕೆಲವೇ ಜನರನ್ನು ತನ್ನವರು ಅಂತ ಗುರುತು ಮಾಡಿಕೊಳ್ಳಲು ಶುರು ಮಾಡುತ್ತದೆ. ಹೊಸಬರನ್ನು ಕಂಡರೆ ಮುಖ ಮುಚ್ಚಿಕೊಳ್ಳುವುದು, ಅಮ್ಮ ಎದ್ದರೆ ರಂಪ ಮಾಡುವುದು ಆ ವಯಸ್ಸಿನ ಆರೋಗ್ಯದ ಲಕ್ಷಣ. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಈ ವಿಷಯದ ಮೂಲಪುರುಷ. ಎರಡನೇ ಮಹಾಯುದ್ಧದ ನಂತರ ಮನೆ ಕಳೆದುಕೊಂಡ ಮಕ್ಕಳ ಬಗ್ಗೆ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಬರೆದವರು. ಅವರ ಜೊತೆ ಕೆಲಸ ಮಾಡಿದ ಜೇಮ್ಸ್ ರಾಬರ್ಟ್‌ಸನ್, ತಂದೆ ತಾಯಿಯನ್ನು ಬಿಟ್ಟು ಆಸ್ಪತ್ರೆಯಲ್ಲಿ ಉಳಿದ ಪುಟ್ಟ ಮಕ್ಕಳನ್ನು ನೋಡಿದರು. ಮೊದಲು ಮಗು ಕಿರುಚಿ ಅಳುತ್ತದೆ. ಆಮೇಲೆ ಸೋತು ಮಂಕಾಗುತ್ತದೆ. ಮೂರನೆಯದಾಗಿ ನಗಲು ಶುರು ಮಾಡುತ್ತದೆ, ಯಾರು ಬಂದರೂ ಆಡುತ್ತದೆ, ಆಸ್ಪತ್ರೆಯವರು ಸದ್ಯ ಹೊಂದಿಕೊಂಡಿತು ಅಂದುಕೊಳ್ಳುತ್ತಾರೆ. ಆದರೆ ತಾಯಿ ಬಂದರೆ ಗುರುತೇ ಇಲ್ಲದ ಹಾಗೆ ನೋಡುತ್ತದೆ. ನಮ್ಮ ಹುಡುಗನ ಆ ನಗು ನನಗೆ ಅವತ್ತು ಬೇರೆಯೇ ಥರ ಕಾಣಿಸಿತು.

ಅಳುವುದರಿಂದ ಯಾರೂ ಬರುವುದಿಲ್ಲ ಅಂತ ಕಲಿತ ಮಗು ಅಳುವುದನ್ನು ಬಿಡುತ್ತದೆ, ಅಷ್ಟೇ ಕಣಮ್ಮಾ ಅಂದರು ಸಮಾಲೋಚಕಿ. ಮಾವಶಿಯರ ತಪ್ಪಲ್ಲ ಅದು. ಒಬ್ಬೊಬ್ಬರಿಗೆ ಅಷ್ಟು ಮಕ್ಕಳು, ಪಾಳಿ ಮೇಲೆ ಪಾಳಿ, ಯಾರಾದರೂ ಏನು ಮಾಡಿಯಾರು?

ನಮಗೆ ಕೊಟ್ಟ ಕೆಲಸ ಕೇಳಲು ಸುಲಭ. ಊಟ, ಸ್ನಾನ, ಮಲಗಿಸುವುದು, ಬಿದ್ದಾಗ ಎತ್ತುವುದು, ಈ ನಾಲ್ಕನ್ನು ಕೆಲವು ತಿಂಗಳು ನಾವಿಬ್ಬರೇ ಮಾಡಬೇಕು. ರಾತ್ರಿ ಅವನು ಅಳದಿದ್ದರೂ, ಎಚ್ಚರವಾಗಿದೆ ಅಂತ ಗೊತ್ತಾದ ಕೂಡಲೇ ಹೋಗಬೇಕು. ಬಿದ್ದು ಸುಮ್ಮನಿದ್ದರೂ, ಅಯ್ಯೋ ನೋವಾಯ್ತಾ ಅಂತ ಎತ್ತಬೇಕು, ಅಂದರೆ ಅವನು ಕೇಳದಿದ್ದಾಗಲೂ ಉತ್ತರ ಕೊಡಬೇಕು. ಬೇರೆಯವರು ಬಂದರೆ ಅವನನ್ನು ಕೈಯಿಂದ ಕೈಗೆ ದಾಟಿಸಬಾರದು. ನೆಂಟರಿಗೆಲ್ಲ ಹೇಳಿಟ್ಟಿದ್ದ ನಾಮಕರಣ ಮುಂದಕ್ಕೆ ಹೋಯಿತು.

ಮನೆಯಲ್ಲಿ ಸಣ್ಣ ಯುದ್ಧ ಆದದ್ದು ಆಗ. ಇಷ್ಟು ವರ್ಷ ಕಾದ ಅತ್ತೆಗೆ ಎಣ್ಣೆ ನೀರು ಹಾಕುವ ಆಸೆ. "ನನ್ ಮೊಮ್ಮಗನ್ನ ನಾನು ಎತ್ಕೊಳ್ಳೋ ಹಾಗಿಲ್ವೇನೇ? ನಾಲ್ಕು ಮಕ್ಕಳನ್ನ ಬೆಳೆಸಿದೀನಿ, ಆಗ ಯಾವ ಡಾಕ್ಟ್ರು ಬಂದಿದ್ರು?" ಅಂತ ಅಡುಗೆಮನೆಗೆ ಹೋಗಿ ಕೂತರು. ಅವರ ಮಾತಲ್ಲೂ ಅರ್ಥ ಇತ್ತು. ನಾನು ಸಮಾಲೋಚಕಿಯನ್ನು ಕೇಳಿದೆ: ನಮ್ಮಲ್ಲಿ ಮಗು ಅಜ್ಜಿ, ದೊಡ್ಡಮ್ಮ, ಅತ್ತೆ ಎಲ್ಲರ ಕೈಯಲ್ಲಿ ಬೆಳೆಯುವುದಲ್ವಾ, ಇದೆಲ್ಲ ಫಾರಿನ್ ಲೆಕ್ಕ ಅಲ್ವಾ? ಅವರು ಮೇರಿ ಐನ್ಸ್‌ವರ್ತ್ ಕಥೆ ಹೇಳಿದರು. ಬೌಲ್ಬಿ ಜೊತೆ ಕೆಲಸ ಮಾಡಿದ ಈ ಮನಶ್ಶಾಸ್ತ್ರಜ್ಞೆ ಮಕ್ಕಳನ್ನು ಮೊದಲು ಮನೆಮನೆಗೆ ಹೋಗಿ ನೋಡಿದ್ದು 1954-55ರಲ್ಲಿ, ಉಗಾಂಡಾದ ಕಂಪಾಲಾ ಹತ್ತಿರದ ಹಳ್ಳಿಗಳಲ್ಲಿ. ಅಲ್ಲೂ ಮಗುವನ್ನು ಹಲವರು ನೋಡಿಕೊಳ್ಳುತ್ತಿದ್ದರು, ಆದರೂ ಬಾಂಧವ್ಯ ಗಟ್ಟಿಯಾಗಿಯೇ ಇತ್ತು. ತೊಂದರೆ ಹಲವರಿರುವುದಲ್ಲ, ದಿನವೂ ಬದಲಾಗುವುದು. ನಮ್ಮ ಹುಡುಗನಿಗೆ ಮೊದಲು ಒಬ್ಬಿಬ್ಬರು ಖಾಯಂ ಆಗಲಿ, ಮೂರನೆಯವರು ಅಜ್ಜಿಯೇ ಆಗಲಿ ಅಂದರು. ಅತ್ತೆಗೆ ಇದನ್ನು ಹಾಗೇ ಹೇಳಿದೆ. ಮೂರನೇ ನಂಬರ್ ಕೊಟ್ಟಿದ್ದಕ್ಕೆ ಬೈದುಕೊಂಡೇ ಒಪ್ಪಿದರು. ರಾಗಿ ಸರಿ ಕಾಯಿಸುವುದು ಅವರು, ತಿನ್ನಿಸುವುದು ನಾನು. ಹಾಡು ಅವರದೇ.

ಮಲಗಿಸುವುದು ದೊಡ್ಡ ಗೋಳು. ನಾವು ಅವನಿಗೆ ಅಂತ ರೂಮು, ಮಂಚ ಎಲ್ಲ ಮಾಡಿಸಿದ್ದೆವು. ಅವನು ಮಲಗಿ ಅಭ್ಯಾಸ ಇದ್ದದ್ದು ದೀಪ ಉರಿಯುವ ಹಾಲಿನಲ್ಲಿ, ಸುತ್ತ ಮಕ್ಕಳ ಉಸಿರಿನ ಸದ್ದಿನ ಮಧ್ಯೆ. ನಿಶ್ಶಬ್ದಕ್ಕೇ ಹೆದರುತ್ತಿದ್ದ. ಕೊನೆಗೆ ಮಂಚ ಬಿಟ್ಟು ಎಲ್ಲರೂ ಹಾಲಿನಲ್ಲಿ ಚಾಪೆ ಹಾಸಿ, ಫ್ಯಾನ್ ಜೋರಾಗಿ ಇಟ್ಟು, ದೀಪ ಹಾಕಿಯೇ ಮಲಗಿದೆವು. ಫೋನಿನಲ್ಲಿ ಮಾವಶಿಯ ಹಾಡು ಹಾಕಿದ ಮೊದಲ ರಾತ್ರಿ ಅವನು ಎದ್ದು ಕೂತು ಬಾಗಿಲ ಕಡೆ ನೋಡಿದ. ಆಮೇಲೆ ಅತ್ತ. ನಮ್ಮ ಮನೆಯಲ್ಲಿ ಅವನ ಮೊದಲ ಅಳು ಅದು. ನನಗಾಗಿ ಅಲ್ಲ, ಅವರಿಗಾಗಿ. ನಾವು ಮೂರೂ ಜನ ಅತ್ತೆವು, ಅತ್ತೆಯೂ ಸೇರಿ. ಮಗು ಒಬ್ಬರನ್ನು ನೆನೆದು ಅಳಬಲ್ಲದು ಅಂದರೆ ಒಬ್ಬರನ್ನು ಹಚ್ಚಿಕೊಳ್ಳುವುದು ಅದಕ್ಕೆ ಗೊತ್ತಿದೆ, ಖುಷಿ ಪಡಿ ಅಂದರು ಸಮಾಲೋಚಕಿ. ಆ ರಾತ್ರಿಪಾಳಿಯ ಹೆಂಗಸಿಗೆ ನಾನು ಎಷ್ಟು ಋಣಿ ಅಂತ ಆಗ ಗೊತ್ತಾಯಿತು.

ಈ ಹೊತ್ತಲ್ಲಿ ನಾನು ರಾತ್ರಿಯೆಲ್ಲ ಓದುತ್ತಿದ್ದೆ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 136 ಅನಾಥಾಲಯದ ಮಕ್ಕಳ ಮೇಲೆ ನಡೆದ ದೊಡ್ಡ ಅಧ್ಯಯನ ಇದೆ. ಸುಮಾರು ಎರಡು ವರ್ಷದೊಳಗೆ ಒಂದು ಮನೆಗೆ ಹೋದ ಮಕ್ಕಳು ಆಮೇಲೆ ಹೋದವರಿಗಿಂತ ಚೆನ್ನಾಗಿ ಚೇತರಿಸಿಕೊಂಡರು ಅಂತ ಅದರಲ್ಲಿ ಕಂಡುಬಂತು. ಓದಿದ ಕೂಡಲೇ ಇವನ ವಯಸ್ಸು ಬೆರಳಲ್ಲಿ ಎಣಿಸಿದೆ. ನೀವೂ ಎಣಿಸುತ್ತೀರಿ, ಗೊತ್ತು. ಆದರೆ ಎರಡು ವರ್ಷದ ದಿನ ಬಾಗಿಲು ಮುಚ್ಚುತ್ತದೆ ಅಂತ ಅದರ ಅರ್ಥ ಅಲ್ಲ. ಆಮೇಲೆ ದತ್ತು ಹೋದ ಮಕ್ಕಳೂ ತಮ್ಮ ಮನೆಯವರನ್ನು ಹಚ್ಚಿಕೊಳ್ಳುತ್ತಾರೆ, ಸಮಯ ಜಾಸ್ತಿ ಬೇಕಾಗಬಹುದು.

ನಾನು ಹೇಳಲೇಬೇಕಾದ, ಹೇಳಲು ಕಷ್ಟವಾದ ವಿಷಯ ಒಂದಿದೆ. ಅವನು ಮೊದಲು ಹಚ್ಚಿಕೊಂಡದ್ದು ನನ್ನನ್ನಲ್ಲ. ಇವರನ್ನು. ಇವರು ಆಫೀಸಿಂದ ಬರುವ ಸ್ಕೂಟರ್ ಸದ್ದಿಗೆ ಬಾಗಿಲಿಗೆ ಓಡುತ್ತಿದ್ದ, ನಾನು ಎತ್ತಿಕೊಳ್ಳಲು ಹೋದರೆ ಕೈ ತಳ್ಳುತ್ತಿದ್ದ. ರಜೆ ಹಾಕಿ, ಸಂಬಳ ಬಿಟ್ಟು, ಇಡೀ ದಿನ ಜೊತೆಗಿದ್ದವಳು ನಾನು! ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ. ಈ ಮಗು ನನ್ನದಲ್ಲವೇನೋ ಅಂತಲೂ ಅನ್ನಿಸಿದೆ. ದತ್ತು ತಾಯಂದಿರಿಗೂ ಬಾಣಂತಿಯರ ಹಾಗೆ ಖಿನ್ನತೆ ಬರಬಹುದು, ನಾಚಿಕೆ ಪಡದೆ ಸಹಾಯ ಕೇಳಿ. ಸಮಾಲೋಚಕಿ ನನಗೇ ಬೇರೆ ಸಮಯ ಕೊಟ್ಟು ಮಾತಾಡಿದರು. ಚಿಕ್ಕ ಮಕ್ಕಳಿಗೆ ತಮ್ಮವರಲ್ಲೂ ಮೊದಲನೆಯವರು, ಎರಡನೆಯವರು ಅಂತ ಇರುತ್ತದಂತೆ. ಒಬ್ಬರ ಮೇಲೆ ನಂಬಿಕೆ ಬಂದರೆ ಅದೇ ದಾರಿಯಲ್ಲಿ ಇನ್ನೊಬ್ಬರ ಮೇಲೂ ಬರುತ್ತದಂತೆ. ಇನ್ನೊಂದು ಮಾತು ನನ್ನನ್ನು ಉಳಿಸಿತು. ಎಡ್ವರ್ಡ್ ಟ್ರಾನಿಕ್ ಅನ್ನುವ ಅಮೆರಿಕದ ಸಂಶೋಧಕರು ತಾಯಿ ಮಗುವಿನ ಒಡನಾಟವನ್ನು ವಿಡಿಯೊದಲ್ಲಿ ಕ್ಷಣ ಕ್ಷಣ ನೋಡಿದಾಗ, ಚೆನ್ನಾಗಿರುವ ಜೋಡಿಗಳಲ್ಲೂ ಹೆಚ್ಚಿನ ಹೊತ್ತು ತಾಳ ತಪ್ಪಿಯೇ ಇರುತ್ತಿತ್ತು. ತಪ್ಪಿದ ತಾಳವನ್ನು ಮತ್ತೆ ಸೇರಿಸಿಕೊಳ್ಳುವುದರಲ್ಲೇ ಸಂಬಂಧ ಬೆಳೆಯುತ್ತದೆ.

ನಡುವೆ ಒಂದು ಎಚ್ಚರಿಕೆ. ಮಗುವನ್ನು ಬಲವಂತವಾಗಿ ಅಪ್ಪಿ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ನೋಡಿಸಿ ಬಾಂಧವ್ಯ ಬೆಳೆಸುತ್ತೇವೆ ಅನ್ನುವ 'ಥೆರಪಿ' ವಿಡಿಯೊಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಹತ್ತಿರ ಹೋಗಬೇಡಿ. 2000ದಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಇಂಥದೇ ಒಂದರಲ್ಲಿ ಹತ್ತು ವರ್ಷದ ದತ್ತು ಹುಡುಗಿ ಸತ್ತೇ ಹೋದಳು. ಹಾಗೇ ಐನ್ಸ್‌ವರ್ತ್ ಅವರ ಪ್ರಸಿದ್ಧ ಪರೀಕ್ಷೆ. ಬಾಲ್ಟಿಮೋರ್‌ನಲ್ಲಿ ಸುಮಾರು 20 ನಿಮಿಷ ತಾಯಿ ಎರಡು ಸಲ ಹೊರಗೆ ಹೋಗಿ ಬರುವುದನ್ನೂ, ಬಂದಾಗ ಮಗು ಏನು ಮಾಡುತ್ತದೆ ಅನ್ನುವುದನ್ನೂ ಕನ್ನಡಿಯ ಹಿಂದಿನಿಂದ ನೋಡುತ್ತಿದ್ದರು. ಅದು ಸಂಶೋಧನೆಯ ಸಾಧನ. ಮನೆಯಲ್ಲಿ ಬೇಕಂತಲೇ ಬಚ್ಚಿಟ್ಟುಕೊಂಡು ಮಗುವನ್ನು ಪರೀಕ್ಷೆ ಮಾಡಬೇಡಿ, ಪಾಪ.

ಬದಲಾವಣೆ ಬಂದದ್ದು ಜ್ವರದಲ್ಲಿ. ವೈರಲ್ ಜ್ವರ ಬಂದು ನಾಲ್ಕು ದಿನ ನನ್ನ ಮೈಮೇಲೇ ಇದ್ದ, ಇಳಿಸಲು ಬಿಡಲಿಲ್ಲ. ಮೊದಲ ಸಲ ಮೈ ಸಡಿಲ ಬಿಟ್ಟು ಹೆಗಲಿಗೆ ತಲೆ ಇಟ್ಟ. ಅದಾದ ಮೇಲೆ ಒಂದು ಬೆಳಿಗ್ಗೆ ಹಾಲು ತರಲು ನಾನು ಗೇಟಿನ ತನಕ ಹೋದರೆ ಹಿಂದಿನಿಂದ ಕಿರುಚಾಟ. ಪಕ್ಕದ ಮನೆ ಆಂಟಿ "ಅಯ್ಯೋ, ಚೆನ್ನಾಗಿದ್ದ ಮಗುವಿಗೆ ಏನ್ ಹಠ ಕಲಿಸಿದ್ದೀರಿ" ಅಂದರು. ಏನು ಹೇಳಲಿ? ಆ ರಂಪಕ್ಕಾಗಿ ನಾವು ತಿಂಗಳುಗಟ್ಟಲೆ ಕಾದಿದ್ದೆವು ಅಂತ ವಿವರಿಸಲು ಆಗುವುದಿಲ್ಲ.

ಈ ಮಧ್ಯೆ ಫೈಲೂ ತನ್ನ ಪಾಡಿಗೆ ಸಾಗಿತ್ತು. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವುದು ಕೋರ್ಟಲ್ಲ, ಜಿಲ್ಲಾ ಮ್ಯಾಜಿಸ್ಟ್ರೇಟರು, ಅಂದರೆ ಜಿಲ್ಲಾಧಿಕಾರಿ. ಸಂಸ್ಥೆ ಇರುವ ಜಿಲ್ಲೆಯಲ್ಲೇ ಅರ್ಜಿ ಹೋಗುತ್ತದೆ. ಎರಡು ತಿಂಗಳು ಅಂತ ನಿಯಮ, ನಮಗೆ ಅದಕ್ಕಿಂತ ಜಾಸ್ತಿ ಹಿಡಿಯಿತು. ವಿಚಾರಣೆಗೆ ಮತ್ತೆ ಅದೇ ಊರಿಗೆ ಹೋಗಬೇಕಾಯಿತು. ಮಗುವನ್ನು ಸಂಸ್ಥೆಯೊಳಗೆ ಕರೆದುಕೊಂಡು ಹೋಗಬೇಕಾ ಅಂತ ಮೊದಲೇ ಕೇಳಿಕೊಂಡೆವು, ಬೇಡ, ಈಗಲೇ ಬೇಡ ಅಂದರು ಸಮಾಲೋಚಕಿ. ಇವರೊಬ್ಬರೇ ಒಳಗೆ ಹೋಗಿ ಮಾವಶಿಗೆ ಫೋಟೊ ತೋರಿಸಿ ಬಂದರು. ಆದೇಶದ ಪ್ರತಿಯನ್ನು ಅಕ್ಷರ ಅಕ್ಷರ ನೋಡಿ ತೆಗೆದುಕೊಳ್ಳಿ. ನಮ್ಮದರಲ್ಲಿ ಹುಟ್ಟಿದ ತಾರೀಖು ತಪ್ಪಾಗಿತ್ತು, ತಿದ್ದಿಸದೆ ಜನನ ಪ್ರಮಾಣಪತ್ರ ಸಿಗುತ್ತಿರಲಿಲ್ಲ. ಆ ಪತ್ರ ಬಂದರೆ ಮಾತ್ರ ಆಧಾರ್, ವಿಮೆ, ಶಾಲೆ ಎಲ್ಲ.

ರಜೆ ಮುಗಿದಾಗ ಅವನನ್ನು ಡೇಕೇರ್‌ಗೆ ಹಾಕಲಿಲ್ಲ. ಅತ್ತೆಯ ಹತ್ತಿರ ಬಿಟ್ಟೆ. ಆ ಹೊತ್ತಿಗೆ ಅವರು ಮೂರನೇ ನಂಬರ್ ಅಲ್ಲವೇ ಅಲ್ಲ. ಹೊರಡುವಾಗ ಕಳ್ಳತನದಲ್ಲಿ ಜಾರಿಕೊಳ್ಳದೆ ಹೇಳಿಯೇ ಹೊರಟೆ, ಅವನು ಅತ್ತರೂ ಸರಿ. ಸಂಜೆ ಬಂದಾಗ ಮೊದಲ ವಾರ ಮುಖ ತಿರುಗಿಸಿ ಕೂರುತ್ತಿದ್ದ, ಆಮೇಲೆ ಓಡಿ ಬಂದು ಎರಡು ಏಟು ಹೊಡೆದು ಅಪ್ಪಿಕೊಳ್ಳುವುದು ರೂಢಿಯಾಯಿತು.

ಈಗ ಮೂರೂವರೆ ದಾಟಿದೆ. ಮುಂದಿನ ತಿಂಗಳಿಂದ ನರ್ಸರಿ. ಶಾಲೆಯವರು ಮೊದಲ ದಿನ ಗೇಟಿನಲ್ಲೇ ಮಗುವನ್ನು ಒಪ್ಪಿಸಿ ಹೋಗಿ, ಎರಡು ದಿನ ಅತ್ತು ಸರಿಹೋಗುತ್ತಾರೆ ಅನ್ನುತ್ತಿದ್ದಾರೆ. ಮೊದಲ ಒಂದು ವಾರ ತರಗತಿಯ ಹೊರಗೆ ಕುರ್ಚಿ ಹಾಕಿಕೊಂಡು ಕೂರಲು ಅನುಮತಿ ಕೇಳಿ ಸಮಾಲೋಚಕಿಯ ಪತ್ರ ಕೊಟ್ಟಿದ್ದೇವೆ. ಇನ್ನೂ ಉತ್ತರ ಬಂದಿಲ್ಲ.